ಮರಿಯ ಕಾಲು ಸೊಟ್ಟಗಾದರೆ



ಈ ವಾರ ಯಾವ ವಿಷಯ ಮಾತಾಡೋಣ ಅಂತ ಹೋದ ವಾರವೇ ಕೇಳಿದ್ದೆವು. ಕೋಳಿಮರಿ ವಿಷಯ ಹೇಳಿ ಅಂತ ನೀವೇ ಹೇಳಿದಿರಿ. ಹುಟ್ಟಿದಾಗ ಚೆನ್ನಾಗಿದ್ದ ಮರಿ ಹತ್ತು ದಿನಕ್ಕೆ ಕುಂಟುತ್ತೆ. ಒಂದು ಮರಿಯ ಕಾಲು ಎರಡೂ ಪಕ್ಕಕ್ಕೆ ಜಾರಿ ಹೋಗುತ್ತೆ. ಇನ್ನೊಂದರ ಬೆರಳು ಮುಷ್ಟಿ ಕಟ್ಟಿದ ಹಾಗೆ ಮಡಚಿಕೊಳ್ಳುತ್ತೆ. ಮತ್ತೊಂದು ರೆಕ್ಕೆ ಇಳಿಬಿಟ್ಟುಕೊಂಡು ಮೂಲೆಯಲ್ಲಿ ಕೂರುತ್ತೆ. ಇದು ಯಾಕೆ? ಏನು ಮಾಡಬೇಕು? ಇವತ್ತು ಅದನ್ನೇ ಮಾತಾಡೋಣ.

ನಾವು ಶಾಲೆಯಲ್ಲಿ ಪಾಠ ಹೇಳುವವರು. ಡಾಕ್ಟರಲ್ಲ. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇವೆ. ನಿಮ್ಮಲ್ಲಿ ಎಷ್ಟೋ ಜನ ನಲವತ್ತು ವರ್ಷದಿಂದ ಕೋಳಿ ಸಾಕಿದವರು. ನಾವು ಹೇಳಿದ್ದರ ಜೊತೆ ನಿಮ್ಮ ಅನುಭವವನ್ನೂ ಸೇರಿಸಿ.

ಕೋಳಿ ಅಂದರೆ ಸಣ್ಣ ವಿಷಯ ಅಂತ ಕೆಲವರು ನಗುತ್ತಾರೆ. ನಗಲಿ ಬಿಡಿ. ರಾಗಿ ಮಾರಿದ ದುಡ್ಡು ಮನೆಯ ಯಜಮಾನರ ಕೈಗೆ ಹೋಗುತ್ತೆ. ಹಸು ಮಾರಿದ ದುಡ್ಡೂ ಅಷ್ಟೇ. ಮೊಟ್ಟೆ ಮಾರಿದ ದುಡ್ಡು ಮಾತ್ರ ನಮ್ಮ ಸೆರಗಿನ ಗಂಟಿನಲ್ಲಿ ಉಳಿಯುತ್ತೆ. ಮಗುವಿನ ನೋಟ್ ಪುಸ್ತಕ, ಮೈ ಸರಿಯಿಲ್ಲದಾಗ ಬಸ್ ಚಾರ್ಜು, ತವರಿಗೆ ಹೋಗುವಾಗ ಕೈಯಲ್ಲಿ ಹಿಡಿಯುವ ಹಣ್ಣು, ಎಲ್ಲ ಅದರಿಂದಲೇ. ಹತ್ತು ಮರಿಯಲ್ಲಿ ಮೂರು ಕುಂಟಾದರೆ ಆ ಗಂಟೇ ಕರಗಿದ ಹಾಗೆ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ನಡೆದದ್ದು ಹೇಳುತ್ತೇವೆ. ಹೆಸರು ಬೇಡ. ಅವರೂ ಇಲ್ಲೇ ಕೂತಿದ್ದಾರೆ. ಹೇಳಿ, ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ.

ಆ ಅಕ್ಕ ಸಂಘದಲ್ಲಿ ಸಾಲ ತೆಗೆದು 30 ಗಿರಿರಾಜ ಮರಿ ತಂದರು. ಒಂದು ದಿನದ ಮರಿಗಳು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಿಟ್ಟರು. ಹಿಕ್ಕೆ ಹಾಕಿದರೆ ಒರೆಸೋಕೆ ಸುಲಭ ಅಂತ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರು. ನಾಲ್ಕನೇ ದಿನ ನೋಡಿದರೆ ಏಳು ಮರಿ ಏಳೋಕೇ ಆಗದೆ ಕಪ್ಪೆಯ ಹಾಗೆ ಕಾಲು ಅಗಲಿಸಿ ಬಿದ್ದಿದ್ದವು. ಮನೆಯಲ್ಲಿ ಅತ್ತೆ ಅಂದರು, "ದೀಪ ಹಚ್ಚೋ ಹೊತ್ತಿಗೆ ಸ್ಲೇಟು ಹಿಡ್ಕೊಂಡು ಹೋಗ್ತಾಳೆ, ಅದಕ್ಕೇ ಹಿಂಗಾಯ್ತು." ಗಂಡ ಅಂದರು, "ನಾಳೆಯಿಂದ ಹೋಗಬೇಡ." ಎರಡು ದಿನ ಆ ಅಕ್ಕ ಬರಲಿಲ್ಲ. ಮೂರನೇ ದಿನ ನಾವೇ ಮನೆಗೆ ಹೋದೆವು.

ಮರಿಯ ಕಾಲು ಜಾರಿದ್ದಕ್ಕೂ ಅಕ್ಕ ಅಕ್ಷರ ಕಲಿತದ್ದಕ್ಕೂ ಏನು ಸಂಬಂಧ? ಕಾರಣ ಪೆಟ್ಟಿಗೆಯ ತಳದಲ್ಲೇ ಇತ್ತು. ಪ್ಲಾಸ್ಟಿಕ್ ಜಾರುತ್ತೆ. ನ್ಯೂಸ್ ಪೇಪರೂ ಜಾರುತ್ತೆ. ಹುಟ್ಟಿದ ಮರಿಯ ಎಲುಬು ಇನ್ನೂ ಎಳೆಯದು. ಕಾಲಿನ ಕೀಲು ಬಿಗಿಯಾಗಿರೋದಿಲ್ಲ. ನುಣುಪು ನೆಲದಲ್ಲಿ ಉಗುರಿಗೆ ಹಿಡಿತ ಸಿಗದು. ಒಂದು ಕಾಲು ಅತ್ತ, ಒಂದು ಕಾಲು ಇತ್ತ ಜಾರುತ್ತೆ. ಮರಿ ಮತ್ತೆ ಏಳೋಕೆ ನೋಡುತ್ತೆ, ಮತ್ತೆ ಜಾರುತ್ತೆ. ಎರಡು ಮೂರು ದಿನ ಹೀಗೇ ಆದರೆ ಕಾಲು ಹಾಗೆಯೇ ನಿಂತುಬಿಡುತ್ತೆ. ಹೇಂಟೆಯ ಜೊತೆ ಮಣ್ಣಿನ ಮೇಲೆ, ತಿಪ್ಪೆಯ ಮೇಲೆ ಓಡಾಡುವ ಮರಿಗೆ ಈ ತೊಂದರೆ ಬರೋದು ಕಡಿಮೆ. ಮೊಟ್ಟೆಯಿಂದ ಬರುವಾಗಲೇ ಕಾಲು ಅಗಲವಾಗಿರುವ ಮರಿಯೂ ಒಂದೊಂದು ಇರುತ್ತೆ. ಕಾವಿನ ಶಾಖ ಹೆಚ್ಚು ಕಡಿಮೆ ಆದರೆ ಹಾಗಾಗಬಹುದು.

ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ಮೊದಲು ಪ್ಲಾಸ್ಟಿಕ್ ತೆಗೆಯಿರಿ. ಗೋಣಿ ತಟ್ಟು ಹಾಸಿ. ಅಥವಾ ಭತ್ತದ ಹೊಟ್ಟು ಎರಡು ಅಂಗುಲ ದಪ್ಪ ಹರಡಿ. ಕಡಲೆಕಾಯಿ ಸಿಪ್ಪೆ ಪುಡಿ ಮಾಡಿ ಹಾಕಿದರೂ ಆದೀತು. ಮೊದಲ ಎರಡು ಮೂರು ದಿನ ಮರಿ ಹೊಟ್ಟನ್ನೇ ಕಾಳು ಅಂದುಕೊಂಡು ತಿನ್ನುತ್ತೆ. ಅದಕ್ಕೆ ಹೊಟ್ಟಿನ ಮೇಲೆ ತಟ್ಟು ಹಾಸಿ, ತಟ್ಟಿನ ಮೇಲೆ ನುಚ್ಚು ಹಾಕಿ.

ಆಮೇಲೆ ಜಾರಿದ ಕಾಲುಗಳನ್ನು ಕಟ್ಟಬೇಕು. ಹಳೆ ಸೀರೆಯ ಮೆತ್ತನೆ ಬಟ್ಟೆ ಇರುತ್ತಲ್ಲ, ಅದರಲ್ಲಿ ಅರ್ಧ ಬೆರಳು ಅಗಲದ ಪಟ್ಟಿ ಹರಿದುಕೊಳ್ಳಿ. ಗಾಯಕ್ಕೆ ಹಾಕುವ ಅಂಟು ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಒಬ್ಬರು ಮರಿಯನ್ನು ಮೆಲ್ಲಗೆ ಹಿಡಿಯಿರಿ. ಇನ್ನೊಬ್ಬರು ಎರಡೂ ಕಾಲನ್ನು ಮೈ ಕೆಳಗೆ ತನ್ನಿ. ಎರಡು ಕಾಲಿನ ನಡುವೆ ಸುಮಾರು ಒಂದು ಅಂಗುಲ ಜಾಗ ಇರಬೇಕು. ಪಟ್ಟಿಯನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿ. ಬಿಗಿ ಬೇಡ. ಕಾಲು ಊದಿಕೊಂಡರೆ, ಕಪ್ಪಾದರೆ ಬಿಗಿಯಾಗಿದೆ ಅಂತ ಅರ್ಥ. ಆಗ ಬಿಚ್ಚಿ ಸಡಿಲವಾಗಿ ಕಟ್ಟಿ. ಮರಿ ಬೇಗ ಬೆಳೆಯುತ್ತೆ. ನಿನ್ನೆ ಸರಿಯಾಗಿದ್ದ ಪಟ್ಟಿ ಇವತ್ತು ಕೊಯ್ಯುತ್ತೆ. ಅದಕ್ಕೆ ದಿನಾ ನೋಡಬೇಕು.

ಕಟ್ಟಿದ ಮರಿಯನ್ನು ಉಳಿದ ಮರಿಗಳಿಂದ ಸ್ವಲ್ಪ ಬೇರೆ ಇಡಿ. ಇಲ್ಲದಿದ್ದರೆ ತುಳಿಯುತ್ತವೆ, ಕುಕ್ಕುತ್ತವೆ. ಆದರೆ ತೀರಾ ಒಂಟಿಯಾಗಿ ಇಡಬೇಡಿ, ಕೂಗಿ ಕೂಗಿ ಸೊರಗುತ್ತೆ. ಒಂದು ಜೊತೆ ಕೊಡಿ. ಕಾಳು, ನೀರು ಕೊಕ್ಕಿಗೆ ಸಿಗುವ ಹಾಗೆ ಹತ್ತಿರ ಇರಲಿ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ. ಇಲ್ಲದಿದ್ದರೆ ಮುಗ್ಗರಿಸಿ ನೀರಲ್ಲಿ ಮುಳುಗಿ ಸಾಯುತ್ತೆ. ಮೂರರಿಂದ ಐದು ದಿನದಲ್ಲಿ ಎಷ್ಟೋ ಮರಿ ಸರಿ ಹೋಗುತ್ತವೆ. ಆದರೆ ಹುಟ್ಟಿದ ಮೊದಲ ಎರಡು ಮೂರು ದಿನದಲ್ಲೇ ಕಟ್ಟಬೇಕು. ಎರಡು ವಾರ ಬಿಟ್ಟು ಕಟ್ಟಿದರೆ ಪ್ರಯೋಜನ ಕಡಿಮೆ.

ಆ ಅಕ್ಕನ ಏಳು ಮರಿಯಲ್ಲಿ ಐದು ಎದ್ದು ಓಡಾಡಿದವು. ಒಂದು ಸತ್ತಿತು. ಒಂದು ಕೊನೆವರೆಗೂ ಕುಂಟುತ್ತಲೇ ಬೆಳೆದು ಹಬ್ಬದ ದಿನ ಸಾರಾಯಿತು. ಕಾಲು ಸೊಟ್ಟಗಿದ್ದ ಮಾತ್ರಕ್ಕೆ ಮಾಂಸ ಕೆಡೋದಿಲ್ಲ. ಕಾಯಿಲೆ ಕೋಳಿ ಬೇರೆ, ಕುಂಟು ಕೋಳಿ ಬೇರೆ. ಅತ್ತೆ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ದಿನಾ ಬೆಳಿಗ್ಗೆ ಗೋಣಿ ತಟ್ಟು ಕೊಡವಿ ಹಾಸೋರು ಈಗ ಅವರೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡೋಣ. ಪೆಟ್ಟಿಗೆಯ ಮೇಲೆ ಬಲ್ಬು ಕಟ್ಟುತ್ತೀರಲ್ಲ, ಯಾವ ಬಲ್ಬು ಅಂತ ನೋಡಿ. ಮೊದಲೆಲ್ಲ ತಂತಿ ಕೆಂಪಗೆ ಉರಿಯುವ ಬಲ್ಬು ಇತ್ತು. 60 ಅಥವಾ 100 ವ್ಯಾಟ್. ಅದು ಬೆಳಕೂ ಕೊಡುತ್ತಿತ್ತು, ಶಾಖವೂ ಕೊಡುತ್ತಿತ್ತು. ಈಗ ಮನೆ ಮನೆಗೆ ಬಂದಿರೋದು ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತೆ, ಮರಿಗೆ ಸಾಕಾಗುವ ಶಾಖ ಕೊಡೋದಿಲ್ಲ. ಮರಿ ಚಳಿಗೆ ಒಂದರ ಮೇಲೊಂದು ಬೀಳುತ್ತವೆ. ಕೆಳಗಿನದರ ಕಾಲು, ರೆಕ್ಕೆ ತಿರುಚಿಕೊಳ್ಳುತ್ತೆ, ಉಸಿರು ಕಟ್ಟುತ್ತೆ. ಅಂಗಡಿಯಲ್ಲಿ ಹಳೆ ತರಹದ ಬಲ್ಬು ಕೇಳಿ ತನ್ನಿ. ಮರಿಗಳು ಬಲ್ಬಿನ ಕೆಳಗೆ ಗುಂಪು ಕಟ್ಟಿದರೆ ಚಳಿ. ಮೂಲೆ ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ. ಹರಡಿಕೊಂಡು ಆರಾಮವಾಗಿ ಮಲಗಿದರೆ ಸರಿ. ಇದಕ್ಕಿಂತ ಒಳ್ಳೆ ಥರ್ಮಾಮೀಟರ್ ಬೇಕಿಲ್ಲ.

ಈಗ ಒಂದು ಕಥೆ. ಕಟ್ಟು ಕಥೆಯಲ್ಲ, ನಿಜವಾಗಿ ನಡೆದದ್ದು.

1890ರ ಸುಮಾರು. ಜಾವಾ ದ್ವೀಪದಲ್ಲಿ ಒಂದು ಮಿಲಿಟರಿ ಆಸ್ಪತ್ರೆ. ಜಾವಾ ಇರೋದು ಈಗಿನ ಇಂಡೋನೇಷ್ಯಾ ದೇಶದಲ್ಲಿ. ಆಗ ಅಲ್ಲಿ ಡಚ್ಚರ ಆಳ್ವಿಕೆ. ಅಲ್ಲಿ ಐಕ್‌ಮನ್ ಎಂಬ ಡಾಕ್ಟರ್ ಇದ್ದರು. ಅಲ್ಲಿಯ ಜನಕ್ಕೆ ಬೆರಿಬೆರಿ ಎಂಬ ಕಾಯಿಲೆ ಬರುತ್ತಿತ್ತು. ಕಾಲಿನ ಶಕ್ತಿ ಹೋಗುತ್ತಿತ್ತು, ಜನ ಸಾಯುತ್ತಿದ್ದರು. ಯಾಕೆ ಅಂತ ಹುಡುಕೋಕೆ ಡಾಕ್ಟರ್ ಕೋಳಿ ಸಾಕಿದ್ದರು. ಒಂದು ಸಲ ಆ ಕೋಳಿಗಳಿಗೇ ಕಾಲು ಸೋತಿತು. ನಡೆಯೋಕೆ ಆಗದು, ನಿಂತರೆ ಬೀಳುತ್ತಿದ್ದವು. ಏನೋ ರೋಗಾಣು ಇರಬೇಕು ಅಂದುಕೊಂಡರು. ಅಷ್ಟರಲ್ಲಿ ಇದ್ದಕ್ಕಿದ್ದ ಹಾಗೆ ಕೋಳಿಗಳು ತಾವೇ ಚೇತರಿಸಿಕೊಂಡವು. ಯಾರೂ ಮದ್ದು ಕೊಟ್ಟಿರಲಿಲ್ಲ!

ಆಮೇಲೆ ವಿಚಾರಿಸಿದರೆ ಗುಟ್ಟು ಅಡುಗೆ ಮನೆಯಲ್ಲಿತ್ತು. ಕೋಳಿ ನೋಡಿಕೊಳ್ಳುವವನು ಆಸ್ಪತ್ರೆಯ ಅಡುಗೆಯವನಿಂದ ಅನ್ನ ತಂದು ಹಾಕುತ್ತಿದ್ದ. ಅದು ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನ. ಅದನ್ನು ತಿಂದು ಕೋಳಿಗಳಿಗೆ ಕಾಲು ಸೋತಿತು. ಆಮೇಲೆ ಹೊಸ ಅಡುಗೆಯವನು ಬಂದ. ಮಿಲಿಟರಿ ಅಕ್ಕಿಯನ್ನು ಕೋಳಿಗೆ ಕೊಡೋದಿಲ್ಲ ಅಂದ. ಕೋಳಿಗಳಿಗೆ ತೌಡು ಇರುವ ಅಕ್ಕಿ ಹಾಕಿದರು. ಕೋಳಿ ಹುಷಾರಾದವು. ಅಂದರೆ ತೌಡಿನಲ್ಲಿ ಏನೋ ಇದೆ, ಅದು ಕಾಲಿನ ನರಕ್ಕೆ ಬೇಕು ಅಂತ ಆಯಿತು. ಅದನ್ನು ಈಗ ಬಿ 1 ಜೀವಸತ್ವ ಅನ್ನುತ್ತೇವೆ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಆ ಜಿಪುಣ ಅಡುಗೆಯವನಿಗೆ ಏನೂ ಬರಲಿಲ್ಲ, ಪಾಪ.

ಈ ಕಥೆ ಯಾಕೆ ಹೇಳಿದೆವು? ನಾವೂ ಮರಿಗಳಿಗೆ ಉಳಿದ ಬಿಳಿ ಅನ್ನ, ಸೊಸೈಟಿ ಅಕ್ಕಿಯ ನುಚ್ಚು ಹಾಕಿ ಸುಮ್ಮನಾಗುತ್ತೇವೆ. ತಿಪ್ಪೆ ಕೆದಕಿ ಹುಳ ಹುಪ್ಪಟೆ, ಗೆದ್ದಲು, ಎಳೆ ಹುಲ್ಲು ತಿನ್ನುವ ಮರಿಗೆ ಅಷ್ಟೇ ಸಾಕಾಗಬಹುದು. ಪೆಟ್ಟಿಗೆಯಲ್ಲಿ ಕೂಡಿ ಹಾಕಿದ ಮರಿಗೆ ಸಾಲದು. ಅದು ನಾವು ಹಾಕಿದ್ದನ್ನು ಬಿಟ್ಟು ಬೇರೇನು ತಿನ್ನೋಕೆ ಸಾಧ್ಯ?

ಗಿರಿರಾಜ, ಸ್ವರ್ಣಧಾರ ಮರಿಗಳಿಗಂತೂ ಇದು ಇನ್ನೂ ಮುಖ್ಯ. ಗಿರಿರಾಜ ತಳಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರು ಮಾಡಿ 1989ರಲ್ಲಿ ರೈತರಿಗೆ ಕೊಟ್ಟರು. ಸ್ವರ್ಣಧಾರ ಬಂದದ್ದು 2005ರಲ್ಲಿ. ಇವು ನಾಟಿ ಮರಿಗಿಂತ ಬಹಳ ಬೇಗ ತೂಕ ಏರುತ್ತವೆ. ಮೈ ಬೇಗ ಬೆಳೆಯುತ್ತೆ. ಎಲುಬಿಗೆ ಬೇಕಾದದ್ದು ಸಿಗದಿದ್ದರೆ ಆ ತೂಕವನ್ನು ಕಾಲು ಹೊರಲಾರದು.

ಬೆರಳು ಒಳಕ್ಕೆ ಮಡಚಿಕೊಳ್ಳೋದು ನೋಡಿದ್ದೀರಿ. ಮರಿ ಪಾದ ಊರದೆ ಕಾಲಿನ ನಡುವಿನ ಗಿಣ್ಣಿನ ಮೇಲೆ ಕೂತು ತೆವಳುತ್ತೆ. ರೆಕ್ಕೆ ನೆಲಕ್ಕೆ ಊರಿ ಸಮತೋಲ ಮಾಡಿಕೊಳ್ಳುತ್ತೆ. ಹೆಚ್ಚಾಗಿ ಹತ್ತು ಹದಿನೈದು ದಿನದ ಮರಿಯಲ್ಲಿ ಕಾಣುತ್ತೆ. ಇದು ಬಿ 2 ಎಂಬ ಜೀವಸತ್ವ ಸಾಲದೆ ಬರೋದು. ಮೊಟ್ಟೆ ಇಟ್ಟ ಹೇಂಟೆಗೇ ಅದು ಸಾಲದಿದ್ದರೆ ಮರಿ ಹುಟ್ಟುವಾಗಲೇ ಸೋತಿರುತ್ತೆ, ಎಷ್ಟೋ ಮರಿ ಮೊಟ್ಟೆಯಲ್ಲೇ ಸಾಯುತ್ತವೆ. ಬಸುರಿಗೆ ಊಟ ಸಾಲದಿದ್ದರೆ ಕೂಸು ಸೊರಗೋದಿಲ್ಲವೇ, ಹಾಗೆ.

ಬಿ 2 ಎಲ್ಲಿದೆ? ಮಜ್ಜಿಗೆಯಲ್ಲಿದೆ. ಬೇಯಿಸಿದ ಮೊಟ್ಟೆಯಲ್ಲಿದೆ. ನುಗ್ಗೆಸೊಪ್ಪು, ಕುದುರೆಮಸಾಲೆ ಸೊಪ್ಪಿನಲ್ಲಿದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ ದಿನಾ ಒಂದು ಹಿಡಿ ಹಾಕಿ. ಕಡೆದ ಮಜ್ಜಿಗೆಯಲ್ಲಿ ನುಚ್ಚು, ತೌಡು ಕಲಸಿ ಕೊಡಿ. ಕಲಸಿದ್ದನ್ನು ಸಂಜೆವರೆಗೆ ಬಿಡಬೇಡಿ, ಹುಳಿ ಬಂದು ಬೇಧಿ ಹಿಡಿಯುತ್ತೆ. ಬೆರಳು ಮಡಚಿದ ಮರಿ ಕಂಡ ದಿನವೇ ಪಶು ಆಸ್ಪತ್ರೆಯಲ್ಲಿ ಕೇಳಿ. ನೀರಿಗೆ ಹಾಕುವ ಬಿ ಕಾಂಪ್ಲೆಕ್ಸ್ ದ್ರವ ಕೊಡುತ್ತಾರೆ ಅಥವಾ ಬರೆದುಕೊಡುತ್ತಾರೆ. ಬೇಗ ಕೊಟ್ಟರೆ ಕೆಲವೇ ದಿನದಲ್ಲಿ ಮರಿ ಪಾದ ಊರುತ್ತೆ. ತಡವಾದರೆ ನರವೇ ಕೆಟ್ಟಿರುತ್ತೆ. ಆಮೇಲೆ ಎಷ್ಟು ಕೊಟ್ಟರೂ ಅಷ್ಟೇ.

ಬೆರಳು ಪಕ್ಕಕ್ಕೆ ಸೊಟ್ಟಗೆ ಇರೋದು ಬೇರೆ. ಅದು ಹುಟ್ಟಿನಿಂದ ಬಂದದ್ದು. ಅಂಥ ಮರಿ ಓಡಾಡಿಕೊಂಡು ಬೆಳೆಯುತ್ತೆ. ಹುಟ್ಟಿದ ಒಂದೆರಡು ದಿನದಲ್ಲೇ ನೋಡಿದರೆ, ರಟ್ಟಿನ ಸಣ್ಣ ಚೂರಿನ ಮೇಲೆ ಬೆರಳು ನೆಟ್ಟಗೆ ಇಟ್ಟು ಅಂಟು ಪಟ್ಟಿ ಹಾಕಬಹುದು. ಒಂದೇ ಹುಂಜವನ್ನು ವರ್ಷಗಟ್ಟಲೆ ಇಟ್ಟುಕೊಂಡು, ಅದರ ಮಕ್ಕಳು ಮೊಮ್ಮಕ್ಕಳ ಮೇಲೂ ಅದನ್ನೇ ಬಿಟ್ಟರೆ ಇಂಥ ಮರಿ ಹೆಚ್ಚುತ್ತವೆ. ವರ್ಷಕ್ಕೊಮ್ಮೆ ಬೇರೆ ಊರಿನ ನೆಂಟರ ಜೊತೆ ಹುಂಜ ಅದಲು ಬದಲು ಮಾಡಿಕೊಳ್ಳಿ. ದುಡ್ಡು ಖರ್ಚಿಲ್ಲ.

ಎರಡು ಮೂರು ವಾರದ ಮರಿ ನಡೆಯೋಕೆ ಮನಸ್ಸಿಲ್ಲದ ಹಾಗೆ ಕೂತು ಕೂತು ಎದ್ದರೆ ಅದರ ಕೊಕ್ಕನ್ನು ಬೆರಳಿನಲ್ಲಿ ಒತ್ತಿ ನೋಡಿ. ರಬ್ಬರಿನ ಹಾಗೆ ಬಾಗುತ್ತಾ? ಹಾಗಿದ್ದರೆ ಎಲುಬು ಮೆತ್ತಗಾಗಿದೆ. ಸುಣ್ಣದಂಶ, ರಂಜಕ, ಡಿ ಜೀವಸತ್ವ ಸಾಲದು ಅಂತ ಅರ್ಥ. ಡಿ ಜೀವಸತ್ವ ಬಿಸಿಲಿನಿಂದ ಬರುತ್ತೆ. ಕತ್ತಲೆ ಕೋಣೆಯಲ್ಲಿ ಬೆಳೆದ ಮರಿಗೆ ಅದು ಸಿಗದು. ಗಾಜಿನ ಕಿಟಕಿಯಿಂದ ಬಂದ ಬಿಸಿಲೂ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಡಿ ಜೀವಸತ್ವ ಮಾಡಿಸುವ ಭಾಗವನ್ನು ಗಾಜು ತಡೆದುಬಿಡುತ್ತೆ. ಬೆಳಗಿನ ಬಿಸಿಲಿಗೆ ಪಂಜರ ಹೊರಗಿಡಿ. ಅರ್ಧ ಪಂಜರಕ್ಕೆ ನೆರಳಿರಲಿ. ಹದ್ದು, ಕಾಗೆ, ಮುಂಗುಸಿ ನೋಡಿಕೊಳ್ಳಿ.

ನಾವು ರಾಗಿ ಹಾಕ್ತೀವಲ್ಲ, ರಾಗಿಯಲ್ಲಿ ಸುಣ್ಣದಂಶ ಬೇಕಾದಷ್ಟಿದೆಯಲ್ಲ ಅಂತ ನೀವು ಕೇಳಬಹುದು. ನಿಜ, ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ಸುಣ್ಣದಂಶ ಇದೆ. ಆದರೆ ಬಿಸಿಲಿಲ್ಲದಿದ್ದರೆ ಆ ಸುಣ್ಣದಂಶ ಎಲುಬಿಗೆ ಸೇರೋದಿಲ್ಲ. ಹಿಕ್ಕೆಯಲ್ಲಿ ಹೋಗುತ್ತೆ. ಇನ್ನು ಕೆಲವರು ಎಲೆ ಅಡಿಕೆ ಸುಣ್ಣವನ್ನೇ ನೀರಿಗೆ ಕಲಸಿ ಕುಡಿಸುತ್ತಾರೆ. ಬೇಡಿ. ಮರಿಯ ಬಾಯಿ, ಹೊಟ್ಟೆ ಸುಡುತ್ತೆ.

ಇಲ್ಲಿ ನಿಮ್ಮ ಓದು ಕೆಲಸಕ್ಕೆ ಬರುತ್ತೆ. ಅಂಗಡಿಯಲ್ಲಿ ಕೋಳಿ ಆಹಾರದ ಚೀಲ ಕೊಡುವಾಗ ಮೇಲೆ ಏನು ಬರೆದಿದೆ ನೋಡಿ. ಮರಿಗೆ ಬೇಕಾದದ್ದು ಸ್ಟಾರ್ಟರ್. ಬೆಳೆಯುವ ಕೋಳಿಗೆ ಗ್ರೋವರ್. ಮೊಟ್ಟೆ ಇಡುವ ಕೋಳಿಗೆ ಲೇಯರ್. ಚೀಲದ ಮೇಲೆ ಕನ್ನಡದಲ್ಲಿ ಇಲ್ಲದಿದ್ದರೆ ಅಂಗಡಿಯವರನ್ನೇ ಓದಿ ಹೇಳಿ ಅನ್ನಿ. ಎಲ್ಲ ಒಂದೇ ಕಣಮ್ಮ ಅಂದರೆ ನಂಬಬೇಡಿ. ಮರಿಯ ಆಹಾರದಲ್ಲಿ 100 ಕೆ.ಜಿ.ಗೆ ಸುಮಾರು 1 ಕೆ.ಜಿ. ಸುಣ್ಣದಂಶ ಇರುತ್ತೆ. ಲೇಯರ್ ಆಹಾರದಲ್ಲಿ ಮೂರರಿಂದ ನಾಲ್ಕು ಕೆ.ಜಿ. ಇರುತ್ತೆ. ಅದು ಮೊಟ್ಟೆಯ ಚಿಪ್ಪಿಗೆ ಬೇಕಾದದ್ದು. ಮರಿಗೆ ಹಾಕಿದರೆ ಅದರ ಮೂತ್ರಪಿಂಡ ಕೆಡುತ್ತೆ, ಎಲುಬೂ ಸರಿಯಾಗಿ ಬೆಳೆಯದು. ಕಡಿಮೆಯಾದರೂ ಕೇಡು, ಹೆಚ್ಚಾದರೂ ಕೇಡು. ಚೀಲದ ಮೇಲಿನ ತಾರೀಖೂ ನೋಡಿ. ಹಳೆ ಆಹಾರದಲ್ಲಿ ಜೀವಸತ್ವ ಉಳಿದಿರೋದಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಬೂಷ್ಟು ಹಿಡಿದ ಮುಸುಕಿನ ಜೋಳ ಹಾಕಲೇಬೇಡಿ. ಆ ಬೂಷ್ಟಿನಲ್ಲಿ ವಿಷ ಇರುತ್ತೆ. ಈಲಿ ಕೆಡಿಸುತ್ತೆ, ಕಾಲನ್ನೂ ಸೋಲಿಸುತ್ತೆ.

ಬರೀ ಮುಸುಕಿನ ಜೋಳ ತಿಂದು ಬೆಳೆಯುವ ಮರಿಗೆ ಇನ್ನೊಂದು ತೊಂದರೆ ಇದೆ. ಕಾಲಿನ ನಡುವಿನ ಗಿಣ್ಣು ಊದುತ್ತೆ. ಅದರ ಹಿಂದೆ ಹಗ್ಗದ ಹಾಗೆ ಒಂದು ನಾರು ಇರುತ್ತೆ. ಅದು ಜಾಗ ಬಿಟ್ಟು ಪಕ್ಕಕ್ಕೆ ಜಾರುತ್ತೆ. ಕಾಲು ಹೊರಕ್ಕೋ ಒಳಕ್ಕೋ ತಿರುಗಿಬಿಡುತ್ತೆ. ಮ್ಯಾಂಗನೀಸ್ ಎಂಬ ಖನಿಜ ಸಾಲದಿದ್ದರೆ ಹೀಗಾಗುತ್ತೆ. ಮುಸುಕಿನ ಜೋಳದಲ್ಲಿ ಅದು ಬಹಳ ಕಡಿಮೆ. ಅಕ್ಕಿ ತೌಡು, ಗೋಧಿ ಬೂಸಾದಲ್ಲಿ ಇದೆ. ಒಮ್ಮೆ ಜಾರಿದ ನಾರು ಹೆಚ್ಚಾಗಿ ಸರಿ ಹೋಗೋದಿಲ್ಲ. ಎಳೆದು ಎಳೆದು ನೋಯಿಸಬೇಡಿ. ಉಳಿದ ಮರಿಗಳಿಗೆ ತೌಡು ಸೇರಿಸಿ, ಅವನ್ನು ಉಳಿಸಿಕೊಳ್ಳಿ.

ಇಲ್ಲಿವರೆಗೆ ಹೇಳಿದ್ದು ಒಂದರಿಂದ ಒಂದಕ್ಕೆ ಅಂಟದ ತೊಂದರೆ. ಅಂಟುವ ರೋಗದಲ್ಲೂ ಕಾಲು ರೆಕ್ಕೆ ಬೀಳುತ್ತೆ. ಅದನ್ನು ಗುರುತು ಹಿಡಿಯಬೇಕು.

ಕೊಕ್ಕರೆ ರೋಗ ನಿಮಗೆಲ್ಲ ಗೊತ್ತು. ಡಾಕ್ಟರು ಅದನ್ನು ರಾಣಿಖೇತ್ ರೋಗ ಅನ್ನುತ್ತಾರೆ. ಕೋಳಿ ಬಾಯಿ ತೆರೆದು ಉಸಿರು ಎಳೆಯುತ್ತೆ. ಹಸಿರು ಬೇಧಿ ಆಗುತ್ತೆ. ಕತ್ತು ತಿರುಚಿಕೊಳ್ಳುತ್ತೆ, ರೆಕ್ಕೆ ಜೋತು ಬೀಳುತ್ತೆ, ಕಾಲು ಸೋಲುತ್ತೆ. ಇಂದು ಒಂದು, ನಾಳೆ ನಾಲ್ಕು, ನಾಡಿದ್ದು ಕೇರಿಯೇ ಖಾಲಿ. ಇದಕ್ಕೆ ಮದ್ದಿಲ್ಲ. ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಸುಮಾರು ಎಂಟು ವಾರಕ್ಕೆ ಒಂದು ಚುಚ್ಚುಮದ್ದು. ನಡುವೆ ಇನ್ನೊಂದು ಸಲ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ರೋಗ ಬಂದ ಮೇಲೆ ಲಸಿಕೆ ಹಾಕಿಸಿದರೆ ಸುಖವಿಲ್ಲ.

ಎರಡು ಮೂರು ತಿಂಗಳು ಚೆನ್ನಾಗಿ ಬೆಳೆದ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದರೆ ಅದು ಮಾರೆಕ್ಸ್ ಎಂಬ ರೋಗ ಇರಬಹುದು. ಅದಕ್ಕೂ ಮದ್ದಿಲ್ಲ. ಮರಿ ಹುಟ್ಟಿದ ಮೊದಲ ದಿನವೇ ಲಸಿಕೆ ಹಾಕಬೇಕು. ಮರಿ ಕೊಳ್ಳುವಾಗ ಮಾರೆಕ್ಸ್ ಲಸಿಕೆ ಹಾಕಿದ್ದೀರಾ ಅಂತ ಕೇಳಿ. ಈ ರೋಗ ಮನುಷ್ಯರಿಗೆ ಬರೋದಿಲ್ಲ, ಹೆದರಬೇಡಿ.

ಮೂರು ನಾಲ್ಕು ವಾರದ ಮರಿ ಗರಿ ಕೆದರಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ತೂಕಡಿಸಿದರೆ ಹಿಕ್ಕೆ ನೋಡಿ. ರಕ್ತ ಇದ್ದರೆ ಅದು ರಕ್ತಬೇಧಿ. ಹೊಟ್ಟು ಒದ್ದೆಯಾಗಿ ಮುದ್ದೆ ಕಟ್ಟಿದ ಕಡೆ ಇದು ಬೇಗ ಹರಡುತ್ತೆ. ಇದಕ್ಕೆ ಮದ್ದಿದೆ. ಆದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಕಬೇಕು. ಅಂದರೆ ರೆಕ್ಕೆ ಜೋತು ಬಿದ್ದದ್ದೆಲ್ಲ ರೆಕ್ಕೆಯ ತೊಂದರೆ ಅಲ್ಲ. ಹೆಚ್ಚಿನ ಸಲ ಅದು ಹೊಟ್ಟೆಯ ತೊಂದರೆ.

ರೆಕ್ಕೆಯದ್ದೇ ತೊಂದರೆಯೂ ಇದೆ. ಬಾತುಕೋಳಿ ಸಾಕುವವರು ನೋಡಿರಬಹುದು. ರೆಕ್ಕೆಯ ತುದಿ ಮೈಗೆ ಅಂಟದೆ ಹೊರಕ್ಕೆ ತಿರುಗಿ ನಿಲ್ಲುತ್ತೆ. ಕೋಳಿಯಲ್ಲಿ ಅದು ಅಪರೂಪ. ಎಳೆಯದಿರುವಾಗಲೇ ರೆಕ್ಕೆ ಮಡಚಿ ಅಂಟು ಪಟ್ಟಿ ಸುತ್ತಿ ನಾಲ್ಕೈದು ದಿನ ಬಿಟ್ಟರೆ ಸರಿ ಹೋಗಬಹುದು. ಕೋಳಿಯಲ್ಲಿ ನಾವು ಹೆಚ್ಚು ನೋಡೋದು ಮುರಿದ ರೆಕ್ಕೆ. ಮಕ್ಕಳು ಒಂದೇ ರೆಕ್ಕೆ ಹಿಡಿದು ಎತ್ತುತ್ತಾರೆ. ದೊಡ್ಡವರೂ ಏನು ಕಡಿಮೆ ಇಲ್ಲ. ಸಂತೆಯಲ್ಲಿ ಕಾಲು ಕಟ್ಟಿ ಸೈಕಲ್ಲಿಗೆ ತಲೆಕೆಳಗೆ ನೇತು ಹಾಕುತ್ತಾರೆ. ಕೀಲು ಕಳಚದೆ ಇನ್ನೇನಾದೀತು? ಮುರಿದ ರೆಕ್ಕೆಯನ್ನು ಮಡಚಿ, ಮೈಗೆ ಸೇರಿಸಿ, ಮೆತ್ತನೆ ಬಟ್ಟೆಯಿಂದ ಎರಡು ವಾರ ಕಟ್ಟಿಡಿ. ಇನ್ನೊಂದು ರೆಕ್ಕೆ ಬಿಡುವಾಗಿರಲಿ. ಎದೆಗೆ ಬಿಗಿದು ಕಟ್ಟಬೇಡಿ. ಕೋಳಿ ಎದೆಯೆಲುಬು ಆಡಿಸಿಯೇ ಉಸಿರಾಡೋದು, ಬಿಗಿದರೆ ಉಸಿರು ನಿಲ್ಲುತ್ತೆ.

ಒಂದು ಸಣ್ಣ ವಿಷಯ, ಆದರೆ ನಮ್ಮ ಊರಿನಲ್ಲಿ ತುಂಬಾ. ತಲೆ ಬಾಚಿದ ಕೂದಲನ್ನು ಅಂಗಳಕ್ಕೆ ಎಸೆಯುತ್ತೇವೆ. ಹೊಲಿಗೆ ದಾರ, ಗೋಣಿ ನಾರೂ ಅಲ್ಲೇ ಬಿದ್ದಿರುತ್ತೆ. ಮರಿ ಕೆದಕುವಾಗ ಅದು ಕಾಲಿಗೆ ಸುತ್ತಿಕೊಳ್ಳುತ್ತೆ. ಮರಿ ಬೆಳೆದ ಹಾಗೆ ದಾರ ಒಳಗೆ ಕೊಯ್ಯುತ್ತೆ. ಬೆರಳು ಕಪ್ಪಾಗಿ ಉದುರುತ್ತೆ. ಕುಂಟುವ ಮರಿ ಕಂಡರೆ ಮೊದಲು ಕಾಲು ತೊಳೆದು ಬೆಳಕಿನಲ್ಲಿ ನೋಡಿ. ಅರ್ಧ ಕುಂಟು ಅಲ್ಲೇ ಬಗೆಹರಿಯುತ್ತೆ. ದೃಷ್ಟಿ ತೆಗೆಯೋದು ಆಮೇಲೆ ಇರಲಿ.

ಮರಿ ಕೊಳ್ಳುವಾಗ ಬುಟ್ಟಿಯಲ್ಲೇ ನೋಡಿ ದುಡ್ಡು ಕೊಡಬೇಡಿ. ನೆಲದ ಮೇಲೆ ಬಿಡಿಸಿ. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತಾ, ಚಪ್ಪಾಳೆ ತಟ್ಟಿದರೆ ಓಡುತ್ತಾ, ಹೊಕ್ಕುಳು ಒಣಗಿ ಮುಚ್ಚಿದೆಯಾ, ಕಣ್ಣು ಹೊಳೆಯುತ್ತಾ ನೋಡಿ. ಗುಲಾಬಿ, ಹಸಿರು ಬಣ್ಣ ಹಾಕಿದ ಮರಿ ಮಾರುತ್ತಾರಲ್ಲ, ಅವು ಹೆಚ್ಚಾಗಿ ಮೊಟ್ಟೆ ಕೋಳಿ ಫಾರಂನವರಿಗೆ ಬೇಡವಾದ ಗಂಡು ಮರಿಗಳು. ಮೊಟ್ಟೆ ಇಡೋದಿಲ್ಲ. ಮಕ್ಕಳು ಹಟ ಮಾಡುತ್ತವೆ, ಗೊತ್ತು. ಮೊಟ್ಟೆ ಆಸೆಯಿಂದ ಮಾತ್ರ ಕೊಳ್ಳಬೇಡಿ.

ಕಾಯಿಲೆಯಿಂದ ಸತ್ತ ಕೋಳಿ ತಿನ್ನಬೇಡಿ, ಕೆರೆಗೆ ಎಸೆಯಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಕೈ ಸೋಪು ಹಾಕಿ ತೊಳೆಯಿರಿ. ಒಂದೇ ಸಲಕ್ಕೆ ತುಂಬಾ ಕೋಳಿ ಸತ್ತರೆ ಮುಟ್ಟಬೇಡಿ, ಪಶು ಆಸ್ಪತ್ರೆಗೂ ಪಂಚಾಯಿತಿಗೂ ತಿಳಿಸಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿ ಜ್ವರ ಬಂದದ್ದು ಕೇಳಿರಬಹುದು. ನಮ್ಮ ದೇಶದಲ್ಲಿ ಅದು ಮೊದಲು ಗೊತ್ತಾದದ್ದು ಅಲ್ಲೇ.

ಈಗ ಲಸಿಕೆ ವಿಷಯ ತೀರ್ಮಾನ ಮಾಡಬೇಕು. ರಾಣಿಖೇತ್ ಲಸಿಕೆಯ ಒಂದು ಸೀಸೆಯಲ್ಲಿ ನೂರು ಕೋಳಿಗೋ ಅದಕ್ಕಿಂತ ಹೆಚ್ಚಿಗೋ ಆಗುವಷ್ಟು ಇರುತ್ತೆ. ತೆರೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಮಂಜುಗಡ್ಡೆಯಲ್ಲಿಟ್ಟು ತರಬೇಕು. ಐದು ಕೋಳಿ ಇರುವ ಒಬ್ಬರಿಗಾಗಿ ಸೀಸೆ ತೆರೆಯೋದು ಕಷ್ಟ. ಎಲ್ಲರೂ ಸೇರಿದರೆ ಸುಲಭ. ಅದಕ್ಕೆ ಒಂದು ಕೆಲಸ ಕೊಡುತ್ತೇವೆ. ಪ್ರತಿಯೊಬ್ಬರೂ ನಿಮ್ಮ ನೋಟ್ ಪುಸ್ತಕದಲ್ಲಿ ಒಂದು ಪುಟ ತೆಗೆಯಿರಿ. ನಿಮ್ಮ ಹೆಸರು ಬರೆಯಿರಿ. ಮರಿ ಹುಟ್ಟಿದ ತಾರೀಖು, ಎಷ್ಟು ಮರಿ, ಎಷ್ಟು ದೊಡ್ಡ ಕೋಳಿ, ಕುಂಟುವುದು ಎಷ್ಟು, ಯಾವ ಕಾಲು ಅಂತ ಬರೆಯಿರಿ. ಪಕ್ಕದ ಮನೆಯವರು ಕೇಂದ್ರಕ್ಕೆ ಬರದಿದ್ದರೆ ಅವರದ್ದೂ ಕೇಳಿ ಬರೆದುಕೊಳ್ಳಿ. ಬುಧವಾರ ಆ ಪುಟ ತನ್ನಿ. ಇಲ್ಲೇ ಕೂಡಿಸಿ ಲೆಕ್ಕ ಮಾಡೋಣ. ಗುರುವಾರ ಬೆಳಿಗ್ಗೆ ನಿಮ್ಮಲ್ಲಿ ಇಬ್ಬರು ನಮ್ಮ ಜೊತೆ ಆಸ್ಪತ್ರೆಗೆ ಬನ್ನಿ. ಅರ್ಜಿ ನೀವೇ ಬರೆದು, ನೀವೇ ಸಹಿ ಹಾಕಿ ಕೊಡಿ. ಹೆಬ್ಬೆಟ್ಟು ಬೇಡ.